ಎರಡು ಮೇಜಿನ ನಡುವೆ ಒಂದು ಬೆರಳು

ತಲಾಸ್
14 ಮಾರ್ಚ್ 1993, ಭಾನುವಾರ

ಕೊರ್ನೇಲಿಯುಸ್ ದೊಡ್ಡಪ್ಪನವರಿಗೆ,

ರೊಜೆನ್‌ಹೋಫ್ ಹಳ್ಳಿಯ ರೆಂಪೆಲ್ ಮನೆಯ ಸುಸನ್ನಾ ಬರೆಯುವುದು. ರಕ್ತಸಂಬಂಧ ಇಲ್ಲದಿದ್ದರೂ ಊರಿನ ಮಕ್ಕಳೆಲ್ಲ ಕರೆಯುವ ಹಾಗೆ ದೊಡ್ಡಪ್ಪ ಎಂದೇ ಕರೆದಿದ್ದೇನೆ. ನಮ್ಮ ಕ್ರೈಸ್ತ ಸಭೆಯಿಂದ ಹೊರಗಿಟ್ಟ ನನ್ನಂಥವರಿಗೆ 'ಸಮಾಧಾನವಿರಲಿ' ಎಂದು ನೀವು ಹೇಳುವಂತಿಲ್ಲ. ನಾವೂ ನಿಮಗೆ ಹೇಳುವಂತಿಲ್ಲ. ಅದಕ್ಕೇ ಆ ಮಾತಿಲ್ಲದೆ ಶುರು ಮಾಡಿದ್ದೇನೆ. ಅಗೌರವ ಎಂದು ತಿಳಿಯಬೇಡಿ.

ಅಕ್ಟೋಬರಿನಲ್ಲಿ ಸಭೆಯವರೆಲ್ಲ ಈ ಕಿರ್ಗಿಜ್ ನಾಡು ಬಿಟ್ಟು ಪೂರ್ವಿಕರ ಜರ್ಮನಿಗೆ ಹೋಗುತ್ತೀರಿ, ಪಟ್ಟಿಯಲ್ಲಿ ಅಮ್ಮನ ಹೆಸರೂ ಇದೆ ಎಂದು ಬಸ್ಸಿನ ಡ್ರೈವರ್ ಹೇಳಿದ. ಅಮ್ಮನಿಗೆ ಅರವತ್ತೊಂದು ವರ್ಷ. ಹೋದವರು ತಿರುಗಿ ಬರುವುದಿಲ್ಲ. ನಾನೂ ಕಾಗದಪತ್ರ ಮಾಡಿಸಿ ಜೊತೆಗೆ ಹೋಗಬಹುದು. ಆದರೆ ಅಲ್ಲಿ ನೀವೆಲ್ಲ ಒಂದೇ ಕಟ್ಟಡದಲ್ಲಿ ಇರುತ್ತೀರಂತೆ. ಅಲ್ಲಿಯೂ ಅಮ್ಮ ನನಗಾಗಿ ಎರಡನೆಯ ಮೇಜು ಹುಡುಕಬೇಕಾಗುತ್ತದೆ. ಅದು ಬೇಡ ಎಂದು ಇಲ್ಲೇ ಉಳಿಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಅವರು ಹೋಗುವ ಮುಂಚೆ ಒಂದು ಸಲ, ಒಂದೇ ಮೇಜಿಗೆ ಕೂತು ಅಮ್ಮನ ಜೊತೆ ಊಟ ಮಾಡಲು ಅಪ್ಪಣೆ ಬೇಕು.

ಕ್ರಿಸ್‌ಮಸ್ಸಿಗೆ ಮನೆಗೆ ಹೋಗಿದ್ದೆ. ಅಮ್ಮ ಊಟದ ಮೇಜಿನ ಪಕ್ಕಕ್ಕೆ ಹೊಲಿಗೆ ಯಂತ್ರದ ಮೇಜನ್ನು ಎಳೆದು ತಂದರು. ನಡುವೆ ಒಂದು ಬೆರಳಿನಷ್ಟು ಜಾಗ ಬಿಡಬೇಕಲ್ಲ, ತೋರುಬೆರಳು ಇಳಿಬಿಟ್ಟು ನೋಡಿದರು. ಸರಿಯಾಗಿತ್ತು. ಎರಡಕ್ಕೂ ಬೇರೆ ಬೇರೆ ಬಟ್ಟೆ ಹಾಸಿದರು. ಕೋಳಿ ಸೂಪಿನ ಬೋಗುಣಿಯನ್ನು ತಮ್ಮ ಮೇಜಿನ ಅಂಚಿಗೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ನಾನು ಕೈ ಚಾಚಿ ಎತ್ತಿಕೊಳ್ಳುತ್ತಿದ್ದೆ. ಒಂದು ಸಲ ಚಮಚ ಆ ಸಂದಿಯಲ್ಲಿ ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಬಗ್ಗಲಿಲ್ಲ. ಅದು ಯಾವ ಮೇಜಿನ ಚಮಚ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ದೂರು ಹೇಳಬೇಕೆಂದು ಇದನ್ನು ಬರೆದಿಲ್ಲ. ಸೂಪು ಚೆನ್ನಾಗಿತ್ತು.

ಉತ್ತರ ಬರೆಯಿರಿ.

ಸುಸನ್ನಾ ರೆಂಪೆಲ್

•

ರೊಜೆನ್‌ಹೋಫ್
2 ಏಪ್ರಿಲ್ 1993

ಸುಸನ್ನಾ,

ಹೊರಗಿಟ್ಟವರಿಂದ ಬಂದ ಪತ್ರವನ್ನು ಮುಖ್ಯ ಹಿರಿಯನೇ ಉಳಿದ ಹಿರಿಯರ ಮುಂದೆ ಗಟ್ಟಿಯಾಗಿ ಓದಬೇಕು. ನಿನ್ನ ಪತ್ರವನ್ನೂ ಹಾಗೆಯೇ ಓದಿದೆ. ಉತ್ತರ ಎಲ್ಲರದ್ದು, ಕೈ ನನ್ನದು.

ಮೇಜಿನ ನಿಯಮ ನಾನು ಮಾಡಿದ್ದಲ್ಲ. ನನ್ನ ಕಾಲದಲ್ಲಿ ಅದನ್ನು ಸಡಿಲ ಮಾಡಿದರೆ ನಾಳೆ ಇನ್ನೊಬ್ಬರು ಬಂದು ಬಾಗಿಲು ತಟ್ಟುತ್ತಾರೆ. ನಿನಗೆ ಬಾಗಿಲು ಎಲ್ಲಿದೆ ಎಂದು ಗೊತ್ತು. ಒಂದು ಭಾನುವಾರ ಬಾ. ಎದ್ದು ನಿಂತು 'ಕುಣಿದದ್ದು ತಪ್ಪಾಯಿತು, ಪಶ್ಚಾತ್ತಾಪವಾಗಿದೆ' ಎಂದು ಹೇಳು. ಒಂದು ವಾಕ್ಯ. ಅಂದೇ ಮಧ್ಯಾಹ್ನ ನಿನ್ನ ತಾಯಿಯ ಮೇಜಿನಲ್ಲಿ ಊಟ ಮಾಡಬಹುದು.

ನಿನ್ನ ತಾಯಿಯ ಮಂಡಿನೋವು ಕಡಿಮೆಯಾಗಿದೆ. ಆಲೂಗಡ್ಡೆ ತಾವೇ ನೆಟ್ಟಿದ್ದಾರೆ. ಅಕ್ಟೋಬರಿನಲ್ಲಿ ಹೋಗುವವರು ಈ ವರ್ಷ ಯಾಕೆ ನೆಡಬೇಕು ಎಂದು ಕೇಳಿದರೆ ಮುಂದಿನ ಸಾಲಿಗೆ ಮಣ್ಣು ಎಳೆದರು.

ಕೊರ್ನೇಲಿಯುಸ್ ಯಾನ್ಸೆನ್
ಸಭೆಯ ಹಿರಿಯ

•

ತಲಾಸ್
25 ಏಪ್ರಿಲ್ 1993, ಭಾನುವಾರ

ಕೊರ್ನೇಲಿಯುಸ್ ದೊಡ್ಡಪ್ಪನವರಿಗೆ, ಮತ್ತು ಇದನ್ನು ಕೇಳುತ್ತಿರುವ ಉಳಿದ ಹಿರಿಯರಿಗೆ,

ಆ ವಾಕ್ಯವನ್ನು ಹೇಳಿ ನೋಡಿದೆ. ಸಭೆಯಲ್ಲಲ್ಲ, ನಾನು ಬಾಡಿಗೆಗಿರುವ ಮನೆಯಲ್ಲಿ. ಮನೆಯೊಡತಿ ಬುರ್ಮಾಕಾನ್ ಗಂಡ ತೀರಿಹೋದ ಕಿರ್ಗಿಜ್ ಹೆಂಗಸು, ಹಿರಿಯರೆಂದು ನಾನು ಅಪಾ ಎನ್ನುತ್ತೇನೆ. ಸಂಜೆ ನೆಲದ ಮೇಲೆ ಊಟದ ಬಟ್ಟೆ ಹಾಸಿ ಕೂತಿದ್ದೆವು. ವಿಷಯ ಹೇಳಿ, ಅವರ ಎದುರಿಗೇ ಎದ್ದು ನಿಂತು ಹೇಳಲು ಹೋದೆ. 'ಕುಣಿದದ್ದು' ಎನ್ನುವವರೆಗೆ ಬಂತು. ಮುಂದೆ ಬರಲಿಲ್ಲ.

ಅಪಾ ನಕ್ಕರು. "ಹೇಳ್ಬಿಡೇ ಹುಡುಗಿ, ನಾಲಿಗೆಗೇನು ಮೂಳೆ ಇದೆಯಾ ಮುರಿಯೋಕೆ? ನನ್ನ ಅತ್ತೆಗೆ ನಾನು ದಿನಕ್ಕೆ ಮೂರು ಸಲ ತಪ್ಪಾಯ್ತು ಅಂತಿದ್ದೆ. ಮೂವತ್ತು ವರ್ಷ. ಒಂದು ಸಲಾನೂ ಆಗಿರ್ಲಿಲ್ಲ."

ನಿಮಗೆ ನೆನಪಿರಬೇಕು. ಮೂರು ವರ್ಷದ ಹಿಂದೆ ನನ್ನ ಜೊತೆ ಹಾಲು ಕರೆಯುತ್ತಿದ್ದ ಹುಡುಗಿಯ ಮದುವೆಗೆ ಹೋಗಿದ್ದೆ. ಅವಳು ಕೈ ಹಿಡಿದು ಎಳೆದಳು, ಕುಣಿದೆ. ಮುಂದಿನ ಭಾನುವಾರ ನೀವು ನನ್ನನ್ನು ಎಬ್ಬಿಸಿ ನಿಲ್ಲಿಸಿದಿರಿ. ನಾನು ಕಿಟಕಿಗಳನ್ನು ಎಣಿಸುತ್ತಿದ್ದೆ. ಆರು ಇದ್ದವು. 'ಕುಣಿದದ್ದು ನಿಜ' ಎಂದೆ. ನೀವು ಇನ್ನೂ ಏನೋ ಬರುತ್ತದೆ ಎಂದು ಕಾದಿರಿ. ಬಹಳ ಹೊತ್ತು ಕಾದಿರಿ. ಆ ಉಪಕಾರ ಮರೆತಿಲ್ಲ. ಆದರೆ ನನಗೆ ಪಶ್ಚಾತ್ತಾಪ ಆಗಿರಲಿಲ್ಲ, ಈಗಲೂ ಆಗಿಲ್ಲ. ಆಗಿದೆ ಎಂದರೆ ಸುಳ್ಳಾಗುತ್ತದೆ. ಭಾನುವಾರದ ಪಾಠದಲ್ಲಿ ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿ, ಸಾವು ಬಂದರೂ ಸುಳ್ಳು ಹೇಳಬಾರದು ಎಂದು ಕಲಿಸಿದವರು ನೀವು. ಆ ಪಾಠ ನನಗೆ ಚೆನ್ನಾಗಿಯೇ ಹತ್ತಿತು.

ಇನ್ನೊಂದು ವಿಷಯ. ನಾನು ಕೆಲಸ ಮಾಡುವ ರೊಟ್ಟಿ ಕಾರ್ಖಾನೆಯ ಕಾವಲುಗಾರ ಯಾರೆಂದು ನಿಮಗೆ ಗೊತ್ತಿರಬಹುದು. ನಿಮ್ಮ ತಮ್ಮ ಇಸಾಕ್ ಚಿಕ್ಕಪ್ಪ. ಭಾನುವಾರ ಬೆಳಿಗ್ಗೆ, ನಿಮ್ಮಲ್ಲಿ ಆರಾಧನೆ ಶುರುವಾಗುವ ಹತ್ತು ಗಂಟೆಗೆ ಅವರ ಗುಡಿಸಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತೇವೆ. ಹತ್ತು ಗಂಟೆಯೇ ಯಾಕೆ ಎಂದು ಒಬ್ಬರನ್ನೊಬ್ಬರು ಕೇಳಿಲ್ಲ. ಬಿಟ್ಟುಬಂದವರು ಸೇರಿ ನಿಮ್ಮನ್ನು ಬೈಯುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಸಭೆಯಲ್ಲಿ ನಾಲ್ಕು ಸ್ವರದಲ್ಲಿ ಹಾಡುವ ಕೀರ್ತನೆಗಳನ್ನೇ ಹಾಡುತ್ತೇವೆ; ಚಿಕ್ಕಪ್ಪ ಕೆಳಸ್ವರ, ನಾನು ಮೇಲಿನ ಸ್ವರ. ನಡುವಿನ ಎರಡು ಸ್ವರಗಳಿಗೆ ಜನ ಇಲ್ಲ. ಅದನ್ನು ಬಿಟ್ಟರೆ ಹವೆಯ ವಿಷಯ, ಹಿಟ್ಟಿನ ವಿಷಯ ಮಾತಾಡುತ್ತೇವೆ.

ಇವತ್ತು ಕೇಳಿದೆ, ಕೊರ್ನೇಲಿಯುಸ್ ದೊಡ್ಡಪ್ಪನಿಗೆ ಪತ್ರ ಬರೀತಿದೀನಿ, ನಿಮ್ಮದೇನಾದರೂ ಇದ್ದರೆ ಹೇಳಿ ಎಂದು. ಕಪ್ಪು ಕೆಳಗಿಟ್ಟು, "ಆ ಗರಗಸ ಇನ್ನೂ ಇದೆಯಾ ಅಂತ ಕೇಳು," ಎಂದರು. ಯಾವ ಗರಗಸ ಎಂದರೆ, "ಅವನಿಗೆ ಗೊತ್ತು," ಎಂದರು.

ಆದ್ದರಿಂದ ಕೇಳುತ್ತಿದ್ದೇನೆ.

ಸುಸನ್ನಾ ರೆಂಪೆಲ್

•

ರೊಜೆನ್‌ಹೋಫ್
20 ಜೂನ್ 1993

ಸುಸನ್ನಾ,

ತಡವಾಯಿತು. ನಿನ್ನ ಪತ್ರ ಓದಿದೆ. ಕೊನೆಯ ಸಾಲುಗಳಿಗೆ ಬಂದಾಗ ನಿಲ್ಲಿಸಬೇಕಾಯಿತು. ಕೆಮ್ಮು ಬಂತು ಎಂದು ಹಿರಿಯರಿಗೆ ಹೇಳಿದೆ. ಕೆಮ್ಮೂ ಬಂದಿತ್ತು.

ಬರುವ ಪತ್ರವನ್ನು ಎಲ್ಲರ ಮುಂದೆ ಓದಬೇಕೆಂದಿದೆ. ಹೋಗುವ ಪತ್ರದ ಬಗ್ಗೆ ಹಾಗೇನೂ ಇಲ್ಲ. ಆದ್ದರಿಂದ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಕೂರುವ ಅಕ್ರೋಟು ಮರದ ಮೇಜು ಇತ್ತು. ನನ್ನ ಅಜ್ಜ ಮಾಡಿದ್ದು. ಆಗ ಸಭೆಯ ಹಿರಿಯರಾಗಿದ್ದವರು ನನ್ನ ತಂದೆ. 1971ರಲ್ಲಿ ಇಸಾಕ ಮನೆಗೆ ಟೆಲಿವಿಷನ್ ತಂದ. ವಾಪಸು ಕೊಡು ಎಂದರೆ ಕೊಡಲಿಲ್ಲ. ಅಪ್ಪ ಸಭೆಯಲ್ಲಿ ಸ್ವಂತ ಮಗನ ಹೆಸರು ಓದಿ ಹೊರಗಿಟ್ಟರು. ಮನೆಗೆ ಬಂದು ಕೋಟು ಬಿಚ್ಚುವ ಮುಂಚೆ ನನಗೆ ಹೇಳಿದರು: "ಕೊರ್ನೇಲಿ, ಗರಗಸ ತಗೊಂಬಾ."

ನಾನು ಬಡಗಿ. ಮೂವತ್ತೊಂಬತ್ತು ವರ್ಷದವನು. ಬೇಡ ಎನ್ನಬಹುದಿತ್ತು. ಮೂರು ಜನ ಕೂರುವಷ್ಟು ಅಳತೆ ಬಿಟ್ಟು ಗೆರೆ ಎಳೆದೆ. ಅಡ್ಡಕ್ಕೆ ಕುಯ್ಯುವಾಗ ಆ ತುದಿಯನ್ನು ಯಾರಾದರೂ ಹಿಡಿದುಕೊಳ್ಳದಿದ್ದರೆ ಮರ ಸೀಳಿಹೋಗುತ್ತದೆ. ಇಸಾಕ ಬಂದು ಹಿಡಿದುಕೊಂಡ. ಯಾರೂ ಕರೆದಿರಲಿಲ್ಲ. ಹಿಡಿಯುವುದು ಹೇಗೆಂದು ಅವನಿಗೆ ಗೊತ್ತಿತ್ತು, ಅವನೂ ಅದೇ ಮನೆಯವನು. ಆ ತುಂಡಿಗೆ ಎರಡು ಕಾಲು ಸೇರಿಸಿ ಕೊಟ್ಟೆ. ಅಪ್ಪ ಅದನ್ನು ದೊಡ್ಡ ಮೇಜಿನ ಪಕ್ಕದಲ್ಲೇ ಇಡಿಸಿ, ನಡುವೆ ಬೆರಳು ಇಟ್ಟು ಅಳೆದರು. ಊರಿನವರೆಲ್ಲ ಹಾಗೇ ಮಾಡತೊಡಗಿದ್ದು ಆಮೇಲೆ. ಸಭೆಯ ನಿಯಮದ ಪುಸ್ತಕದಲ್ಲಿ ಇರುವುದು 'ಒಂದೇ ಮೇಜಿನಲ್ಲಿ ಬಡಿಸಬಾರದು' ಎಂದಷ್ಟೇ. ಬೆರಳು ನಮ್ಮ ಮನೆಯದ್ದು.

ಅಪ್ಪ ಸಾಯುವವರೆಗೆ, ಒಂಬತ್ತು ವರ್ಷ, ಇಸಾಕ ಆ ತುಂಡಿನ ಮೇಲೆ ಊಟ ಮಾಡಿದ. ಮಣ್ಣು ಮಾಡಿದ ಮಾರನೆಯ ದಿನ ಊರು ಬಿಟ್ಟ.

ಗರಗಸ ಇದೆ.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಹಿಂದಿನದೇ.

ಕೊರ್ನೇಲಿಯುಸ್ ಯಾನ್ಸೆನ್
ಸಭೆಯ ಹಿರಿಯ

•

ತಲಾಸ್
11 ಜುಲೈ 1993, ಭಾನುವಾರ

ಕೊರ್ನೇಲಿಯುಸ್ ದೊಡ್ಡಪ್ಪನವರಿಗೆ,

ಇದನ್ನೂ ಓದುತ್ತೀರಿ ಎಂದು ಗೊತ್ತಿರುವುದರಿಂದ, ನೀವು ಬರೆದದ್ದರ ಬಗ್ಗೆ ಏನೂ ಬರೆಯುವುದಿಲ್ಲ. ಇದೆ ಎಂಬ ಸುದ್ದಿ ತಲುಪಿಸಬೇಕಾದವರಿಗೆ ತಲುಪಿಸಿದ್ದೇನೆ. ಅವರು ತಲೆಯಾಡಿಸಿ, ಹೊಲದ ಕಡೆ ನೋಡುತ್ತ ಕೂತರು. ಆ ಭಾನುವಾರ ಹಾಡಲಿಲ್ಲ.

ಸಭೆ ಬಿಟ್ಟ ಮೊದಲ ವರ್ಷ ನಿಮಗೆ ಹೇಳಬೇಕಾದ ಮಾತುಗಳು ನನ್ನ ಹತ್ತಿರ ಬಹಳ ಇದ್ದವು. ಹಿಟ್ಟು ನಾದುತ್ತ ನಾದುತ್ತ ಪೂರ್ತಿ ಭಾಷಣ ಮಾಡುತ್ತಿದ್ದೆ. ಪಕ್ಕದವಳು, "ಯಾರಿಗೆ ಬೈತಿದೀಯಮ್ಮಾ, ಹಿಟ್ಟಿಗಾ?" ಎಂದು ಕೇಳುತ್ತಿದ್ದಳು. ಎರಡನೆಯ ವರ್ಷ ಭಾಷಣ ಅರ್ಧಕ್ಕೆ ಬಂತು. ಈಗ ಉಳಿದಿರುವುದು ಇಷ್ಟು: ನೀವು ಕೆಟ್ಟವರೆಂದು ನಾನು ಯಾರ ಮುಂದೆಯೂ ಹೇಳಿಲ್ಲ. ನನಗೆ ಓದಲು ಕಲಿಸಿದಿರಿ, ಅಪ್ಪ ಸತ್ತಾಗ ಶವಪೆಟ್ಟಿಗೆ ಮಾಡಿಕೊಟ್ಟಿರಿ, ಹಣ ಮುಟ್ಟಲಿಲ್ಲ. ಆದರೆ ನನ್ನನ್ನು ಶಿಕ್ಷಿಸಲು ನೀವು ನನ್ನ ಅಮ್ಮನ ಕೈಯನ್ನು ಬಳಸಿಕೊಂಡಿರಿ. ಬೋಗುಣಿ ಇಟ್ಟು ಹಿಂದಕ್ಕೆ ಸರಿಯುವ ಕೈ ಅವರದು. ನನ್ನ ತಪ್ಪಿಗೆ ನನಗೆ ಏನು ಬೇಕಾದರೂ ಮಾಡಬಹುದಿತ್ತು. ಅವರು ಏನು ಮಾಡಿದ್ದರು?

ಹಿರಿಯರು ಇದಕ್ಕೆ ಉತ್ತರ ಕೊಡಲೇಬೇಕೆಂದಿಲ್ಲ. ಇನ್ನು ಅಪ್ಪಣೆ ಕೇಳುವುದಿಲ್ಲ.

ಸುಸನ್ನಾ ರೆಂಪೆಲ್

•

ರೊಜೆನ್‌ಹೋಫ್
5 ಸೆಪ್ಟೆಂಬರ್ 1993

ಸುಸನ್ನಾ,

ನಿನ್ನ ಪತ್ರ ಓದಿದೆ. ಮುಗಿಸಿದಾಗ ಹಿರಿಯರಲ್ಲಿ ಒಬ್ಬರು ಕಿಟಕಿ ತೆಗೆದರು.

ಅಕ್ಟೋಬರ್ 14ರಂದು ಬೆಳಿಗ್ಗೆ ನಮ್ಮ ಬಸ್ಸು ಹೊರಡುತ್ತದೆ. ತಲಾಸಿನಲ್ಲಿ ಕಾಗದಪತ್ರಕ್ಕೆ ಕಚೇರಿಯ ಮುದ್ರೆ ಹಾಕಿಸಲು ಎರಡು ಗಂಟೆ ನಿಲ್ಲುತ್ತದೆ. ಜನ ಇಳಿದು ಕಾಲಾಡಿಸಬಹುದು.

ಇನ್ನೊಂದು ಮಾತು. ನಾನು ನಲವತ್ತು ವರ್ಷಕ್ಕೂ ಹೆಚ್ಚು ಮೇಜು ಮಾಡಿದವನು. ಮೇಜೆಂದರೆ ಹಲಗೆ ಮತ್ತು ಕಾಲು. ಕಾಲಿಲ್ಲದ್ದನ್ನು ಮೇಜೆಂದು ಯಾವ ಬಡಗಿಯೂ ಹೇಳುವುದಿಲ್ಲ. ನೆಲದ ಮೇಲೆ ಹಾಸಿದ ಬಟ್ಟೆಯ ವಿಷಯದಲ್ಲಿ ನಮ್ಮ ಪುಸ್ತಕದಲ್ಲಿ ಏನಾದರೂ ಇದೆಯೇ ಎಂದು ಹುಡುಕಿದೆ. ಎರಡು ಸಲ ಹುಡುಕಿದೆ. ಇಲ್ಲ.

ಇದನ್ನು ಅಪ್ಪಣೆ ಎಂದು ತಿಳಿಯಬೇಡ. ಮರಗೆಲಸದ ಮಾತು.

ಕೊರ್ನೇಲಿಯುಸ್ ಯಾನ್ಸೆನ್
ಸಭೆಯ ಹಿರಿಯ

•

ತಲಾಸ್
7 ನವೆಂಬರ್ 1993, ಭಾನುವಾರ

ಕೊರ್ನೇಲಿಯುಸ್ ದೊಡ್ಡಪ್ಪನವರಿಗೆ,

ಈ ಪತ್ರ ಹಾಕಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ಬಸ್ಸು ಬಂದ ದಿನ ನೀವು ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿ ಟೋಪಿ ಹಾಕಿಕೊಂಡು ನೇರ ಕೂತಿದ್ದಿರಿ. ಆದ್ದರಿಂದ ಒಳಗೆ ನಡೆದದ್ದು ನಿಮಗೆ ಗೊತ್ತಿಲ್ಲ.

ಅಮ್ಮ ಬುರ್ಮಾಕಾನ್ ಅಪಾ ಮನೆಯ ಬಾಗಿಲಲ್ಲಿ ನಿಂತು ಮೊದಲು ಕೋಣೆಯೆಲ್ಲ ನೋಡಿದರು. ಮೇಜು ಹುಡುಕುತ್ತಿದ್ದರು ಎಂದು ಕಾಣುತ್ತದೆ. ಇರಲಿಲ್ಲ. ಶೂ ಬಿಚ್ಚಿ, ಮಂಡಿ ಹಿಡಿದುಕೊಂಡು, ನೆಲದ ಹಾಸಿಗೆಯ ಮೇಲೆ ಕೂತರು. ಕೂರಲು ಬಹಳ ಹೊತ್ತು ಬೇಕಾಯಿತು. ಅಪಾ ಅವರ ಬೆನ್ನಿಗೆ ಮೂರು ದಿಂಬು ತುರುಕಿ, "ನಮ್ಮ ಸುಸೆಯ ಅಮ್ಮಾ, ಈಗ ನೀವು ಖಾನನ ಹೆಂಡ್ತಿ ಥರ ಕಾಣ್ತೀರಿ. ಎದ್ದೇಳೋದು ಹೇಗೆ ಅಂತ ಆಮೇಲೆ ನೋಡೋಣ," ಎಂದರು. ಅಮ್ಮನಿಗೆ ಕಿರ್ಗಿಜ್ ಅಷ್ಟಾಗಿ ಬರುವುದಿಲ್ಲ, ಆದರೂ ನಕ್ಕರು.

ಊಟದ ಬಟ್ಟೆ ಹಾಸಿದೆವು. ಅಮ್ಮ ಒಂದು ಕಡೆ, ನಾನು ಎದುರಿಗೆ. ಅಮ್ಮ ಬಟ್ಟೆಯ ಸುಕ್ಕು ಸರಿಮಾಡುವವರ ಹಾಗೆ ಕೈ ಆಡಿಸುತ್ತ, ನಮ್ಮಿಬ್ಬರ ನಡುವೆ ಉದ್ದಕ್ಕೂ ಒಂದು ಮಡಿಕೆ ಮಾಡಿದರು. ತೋರುಬೆರಳಿನಿಂದ ಒತ್ತಿದರು. ತಾವು ಏನು ಮಾಡುತ್ತಿದ್ದೇವೆಂದು ಅವರಿಗೇ ಗೊತ್ತಿತ್ತು ಎಂದು ನನಗೆ ಅನ್ನಿಸಲಿಲ್ಲ. ಮೂರು ವರ್ಷ ಮಾಡಿದ ಕೈ ಅದು. ನಾನು ನೋಡಿದೆ.

ಅಪಾ ಒಲೆಯಿಂದ ಬಿಸಿ ರೊಟ್ಟಿ ತಂದು, ಕೂರುವ ಮುಂಚೆಯೇ ಮುರಿದು ಮುರಿದು ಬಟ್ಟೆಯ ಮೇಲೆ ಹರಡಿದರು. ದೊಡ್ಡ ತುಂಡು ಸರಿಯಾಗಿ ಆ ಮಡಿಕೆಯ ಮೇಲೆ ಬಿತ್ತು. ಅವರು ನೋಡಿ ಹಾಕಿದರೋ ನೋಡದೆ ಹಾಕಿದರೋ ನಾನು ಕೇಳಿಲ್ಲ. ಅಮ್ಮ ಆ ತುಂಡನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನೇ ಎತ್ತಿ, ಎರಡು ಮಾಡಿ, ಒಂದನ್ನು ನನ್ನ ಕಡೆ ಚಾಚಿದರು. ಇಡಲಿಲ್ಲ. ನಾನು ತೆಗೆದುಕೊಳ್ಳುವವರೆಗೆ ಹಿಡಿದುಕೊಂಡೇ ಇದ್ದರು.

ಮಾಂಸ, ನೂಡಲ್ಸ್, ಏಪ್ರಿಕಾಟ್ ಜಾಮ್ ಇತ್ತು. ಅಮ್ಮ ಊರಿಂದ ಒಂದರ ಮೇಲೊಂದು ಉಂಡೆ ಕೂರಿಸಿದ ನಮ್ಮ ಬನ್ನು ತಂದಿದ್ದರು. ಆಲೂಗಡ್ಡೆಯ ಚೀಲವನ್ನೂ ತಂದಿದ್ದರು. ಈ ವರ್ಷ ನೆಟ್ಟದ್ದು ನನಗಾಗಿ ಅಂತೆ. ಆಲೂಗಡ್ಡೆಗೆ ತೇವ ಆಗದಂತೆ ಹೇಗೆ ಇಡಬೇಕು ಎಂದು ಎರಡು ಸಲ ಹೇಳಿದರು.

ಆ ಹೊತ್ತಿನಲ್ಲಿ, ಬಾಗಿಲ ಹತ್ತಿರ ಕೂತಿದ್ದ ಇಸಾಕ್ ಚಿಕ್ಕಪ್ಪ ಒಂದು ರೊಟ್ಟಿ ಕೇಳಿಕೊಂಡು ಹೊರಗೆ ಹೋದರು. ಬಸ್ಸಿನ ಕಿಟಕಿಯಲ್ಲಿ ಏನಾಯಿತು ಎಂದು ನಿಮಗೇ ಗೊತ್ತು. ಗೋಣಿಯಲ್ಲಿ ಸುತ್ತಿದ ಉದ್ದನೆಯ ವಸ್ತು ಹಿಡಿದುಕೊಂಡು ಬಂದರು. ನಾನು ಕೇಳಿದೆ, ದೊಡ್ಡಪ್ಪ ಏನಂದರು ಎಂದು. "ಏನೂ ಅನ್ಲಿಲ್ಲ. ರೊಟ್ಟಿ ತಿಂದ," ಎಂದರು. ಅದು ಈಗ ಕಾವಲು ಗುಡಿಸಲಿನ ಗೋಡೆಯಲ್ಲಿ ನೇತಾಡುತ್ತಿದೆ. ಹಲ್ಲಿಗೆ ಎಣ್ಣೆ ಹಚ್ಚಿದ್ದಾರೆ.

ಬಸ್ಸು ಹಾರ್ನ್ ಮಾಡಿತು. ಅಮ್ಮನನ್ನು ನಾನು, ಅಪಾ ಇಬ್ಬರೂ ಹಿಡಿದು ಎಬ್ಬಿಸಿದೆವು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಅಮ್ಮ ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ನೆಲದ ಮೇಲೆ ಕೂತ್ರೆ ತಪ್ಪಿಲ್ಲ ಅಂತ ಕೊರ್ನೇಲಿಯುಸ್ ಲೆಕ್ಕ ಹಾಕಿರ್ತಾನೆ. ಸ್ಕೂಲಲ್ಲೂ ಅವನು ಹಾಗೇ, ಮೇಷ್ಟ್ರು ನೋಡೋಕೆ ಮುಂಚೆ ಒಂದು ದಾರಿ ಹುಡುಕೋನು. ಒಳ್ಳೇದೇ ಮಾಡ್ದ. ಆದ್ರೆ ಸುಸೆ, ಮೇಜು ಇದ್ದಿದ್ರೂ ನಾನು ಇವತ್ತು ಕೂತಿರ್ತಿದ್ದೆ. ಇದನ್ನ ಅವನಿಗೆ ಬರೆದು ಹಾಕು. ಬಾಯಲ್ಲಿ ಹೇಳಿದ್ರೆ ಕೇಳಿಸ್ಲಿಲ್ಲ ಅಂತಾನೆ. ಪತ್ರ ಆದ್ರೆ ಎಲ್ಲರ ಮುಂದೆ ಓದ್ಲೇಬೇಕು. ನನ್ನ ಹೆಸರೂ ಓದೋದಾದ್ರೆ ಓದ್ಲಿ. ಈ ವಯಸ್ಸಲ್ಲಿ ಕದ್ದು ಊಟ ಮಾಡಿದೆ ಅನ್ನಿಸ್ಕೊಳ್ಳೋದು ನನಗೆ ಬೇಡ."

ನಾನು ಬರೆಯುವುದಿಲ್ಲ ಎಂದೆ. ಅಲ್ಲಿ ಅವರಿಗೆ ನಿಮ್ಮನ್ನೆಲ್ಲ ಬಿಟ್ಟರೆ ಯಾರೂ ಇಲ್ಲ. ಹೆಸರು ಓದಿದರೆ ಪರದೇಶದಲ್ಲಿ ಒಂಟಿ ಮೇಜಿನಲ್ಲಿ ಊಟ ಮಾಡಬೇಕಾಗುತ್ತದೆ. ಅಮ್ಮ, "ಹಾಕ್ತೀನಿ ಅನ್ನು," ಎಂದರು. ಹಾಕ್ತೀನಿ ಎಂದೆ.

ಹೇಳಿದ ಮೇಲೆ ಹಾಕದೆ ಇರಲು ಆಗಲಿಲ್ಲ. ಮೂರು ವಾರ ನೋಡಿದೆ. ನಿಮ್ಮಿಂದ ಕಲಿತದ್ದರಲ್ಲಿ ಬಿಡಲು ಬಾರದೆ ಉಳಿದದ್ದು ಅದೊಂದೇ. ಈಗ ಪತ್ರ ನಿಮ್ಮ ಕೈಯಲ್ಲಿದೆ. ಮುಂದಿನದು ನಿಮಗೆ ಬಿಟ್ಟದ್ದು. ಅವರನ್ನು ಉಳಿಸಿ ಎಂದು ಬೇಡಿಕೊಳ್ಳೋಣ ಎಂದುಕೊಂಡೆ. ಅಮ್ಮನಿಗೆ ಅದು ಇಷ್ಟವಾಗುವುದಿಲ್ಲ.

ಸುಸನ್ನಾ ರೆಂಪೆಲ್

•

ಜರ್ಮನಿ
19 ಡಿಸೆಂಬರ್ 1993

ಸುಸನ್ನಾ,

ನಿನ್ನ ನವೆಂಬರಿನ ಪತ್ರ ಬಂದಿದೆ. ತಲಾಸಿನ ಮುದ್ರೆ ನೋಡಿ ಹಿರಿಯರು ಎಂದಿನಂತೆ ಸೇರಿದರು. ನನ್ನ ಕನ್ನಡಕ ಮನೆಸಾಮಾನಿನ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆ ಇನ್ನೂ ತಲುಪಿಲ್ಲ ಎಂದು ಹೇಳಿದೆ. ಬೇರೆಯವರು ಓದುತ್ತೇವೆ ಎಂದರು. ಹೊರಗಿಟ್ಟವರ ಪತ್ರವನ್ನು ಮುಖ್ಯ ಹಿರಿಯನೇ ಓದಬೇಕೆಂಬ ನಿಯಮವನ್ನು ನೆನಪಿಸಿದೆ. ಒಪ್ಪಿದರು. ಆದ್ದರಿಂದ ನಿನ್ನ ಪತ್ರ ಓದಿಲ್ಲ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಪೆಟ್ಟಿಗೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಬಾರದೆಯೂ ಹೋಗಬಹುದು.

ನಿನ್ನ ತಾಯಿ ಕ್ಷೇಮ. ಇಲ್ಲಿ ಊಟದ ಕೋಣೆಯಲ್ಲಿ ನಮ್ಮೆಲ್ಲರಿಗೂ ಸೇರಿ ಒಂದೇ ಉದ್ದನೆಯ ಮೇಜು. ಅವರು ಕಿಟಕಿಯ ಪಕ್ಕದಲ್ಲಿ ಕೂರುತ್ತಾರೆ. ಪತ್ರ ಬಂತೇ ಎಂದು ದಿನವೂ ಕೇಳುತ್ತಾರೆ. ಬಂತು, ಕನ್ನಡಕ ಇಲ್ಲ ಎನ್ನುತ್ತೇನೆ. ನನ್ನ ಮುಖವನ್ನೇ ನೋಡುತ್ತಾರೆ. ಸ್ಕೂಲಿನಲ್ಲೂ ಹಾಗೇ ನೋಡುತ್ತಿದ್ದರು.

ಗರಗಸದ ಹಲ್ಲಿಗೆ ಎಣ್ಣೆ ಸಾಕು, ಹೆಚ್ಚು ಹಚ್ಚಿದರೆ ಧೂಳು ಹಿಡಿಯುತ್ತದೆ ಎಂದು ಇಸಾಕನಿಗೆ ಹೇಳು. ಆಲೂಗಡ್ಡೆಯ ಮೇಲೆ ಒಣಹುಲ್ಲು ಹಾಕು.

ರೊಟ್ಟಿ ಆ ಮಡಿಕೆಯ ಮೇಲೆ ಬಿದ್ದದ್ದು ಒಳ್ಳೆಯದಾಯಿತು ಎಂದು ನಿನ್ನ ಮನೆಯೊಡತಿಗೆ ತಿಳಿಸು.

'ಸಮಾಧಾನವಿರಲಿ' ಎಂದು ನಾನು ಬರೆಯುವಂತಿಲ್ಲ. ನಿನಗೆ ಗೊತ್ತು.

ಕೊರ್ನೇಲಿಯುಸ್ ದೊಡ್ಡಪ್ಪ